ಅಣ್ಣ ಬೂಟು ಕಳಚಿದ ದಿನ

ನಿಜಾಮರ ಕಾಲ. ನಮ್ಮದು ಝರಾಸಂಗಂ ಹತ್ತಿರದ ಹಳ್ಳಿ, ಜಂಗಮರ ಮನೆತನ. ಜೋಳಿಗೆ ಹಿಡಿಯುವುದು ನನಗೆ ಒಗ್ಗದೆ ಸಿಕಂದರಾಬಾದಿಗೆ ಹೋಗಿ ಒಬ್ಬ ಇಂಗ್ಲಿಷ್ ಸಾಹೇಬನ ಡೇರೆಗಳನ್ನು ಹೊಲಿದುಕೊಂಡಿದ್ದೆ. ಆತ ಇನ್ನೂ ಕೆಲವು ಸಾಹೇಬರ ಜೊತೆ ಹಿಮಾಲಯದ ಶಿಖರವೊಂದನ್ನು ಹತ್ತಲು ಹೊರಟಾಗ ನನ್ನನ್ನೂ ಕರೆದ. ಹೊರೆ ಹೊರಲು ಆಳು ಬೇಕೆಂದದ್ದೇ ತಡ, ಊರಿನಿಂದ ಅಣ್ಣ ಗಂಟು ಕಟ್ಟಿಕೊಂಡು ಬಂದ. ಅವನಿಗೆ ಶಿಖರ ಬೇಕಿರಲಿಲ್ಲ. ಶಿವನ ಬೆಟ್ಟ ನೋಡಬೇಕಿತ್ತು.

ಬೆಟ್ಟದ ಬುಡದಲ್ಲಿ ಬಿಡಾರ ಹೂಡಿದೆವು. ಬುಡವೆಂದರೂ ಉಸಿರು ಸಿಗದಷ್ಟು ಎತ್ತರ. ಸಾಹೇಬರು ಹಗ್ಗ ಜಗ್ಗಿ ನೋಡುವರು, ಬೂಟಿಗೆ ಕೊಬ್ಬು ತಿಕ್ಕುವರು, ಮೋಡ ಕಂಡು ಗೊಣಗುವರು. ನಾನು ಗಾಳಿಗೆ ಹರಿದ ಡೇರೆಗಳಿಗೆ ತೇಪೆ ಹಾಕುತ್ತಿದ್ದೆ. ಆ ಚಳಿಯಲ್ಲೂ ಅಣ್ಣ ಮಂಜು ಕರಗಿಸಿ ಮಿಂದು, ಅಂಗೈಯಲ್ಲಿ ಲಿಂಗ ಹಿಡಿದು ಕೂತರೆ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಮೇಲಿನ ಬಿಡಾರಕ್ಕೆ ಹೊರೆ ಸಾಗಿಸುವ ದಿನ ಅವನಿಗೆ ಮೊಳೆ ಬಡಿದ ಬೂಟು ಕೊಟ್ಟರು. ಲಾಡಿ ಕಟ್ಟುತ್ತಿದ್ದವನನ್ನು ಚುಡಾಯಿಸಿದೆ.

"ಗುಡಿ ಹೊಸ್ತಿಲ ದಾಟಾಕ ಜೋಡು ಬಿಡ್ತಿ. ಶಿವನ ತಲಿ ಮ್ಯಾಲ ಮೊಳಿ ಬೂಟ್ ಹಾಕ್ಕೊಂಡು ಹೋಗ್ತೀಯೇನಣ್ಣಾ?"

ಅಣ್ಣ ನಗಲಿಲ್ಲ. ಹೊರೆ ಎತ್ತಿಕೊಂಡು ಹೋದ.

ಸಂಜೆ ಇಬ್ಬರು ಹಮಾಲರ ಹೆಗಲಿಗೆ ಜೋತುಬಿದ್ದು ಇಳಿದು ಬಂದ. ಬೂಟು ಕೊರಳಲ್ಲಿತ್ತು. ಮಂಜು ಶುರುವಾದಲ್ಲೇ ಕಳಚಿ, ಅಲ್ಲಿಂದ ಬರಿಗಾಲಲ್ಲೇ ನಡೆದಿದ್ದನಂತೆ. ಕಾಲ್ಬೆರಳುಗಳು ಜೋಳದ ಹಿಟ್ಟು ಮೆತ್ತಿದಂತೆ ಬಿಳಿಚಿದ್ದವು.

"ಏನೂ ನೋವಿಲ್ಲೋ ತಮ್ಮಾ," ಎಂದ.

ನಾಲ್ಕಾರು ದಿನದಲ್ಲಿ ಅವು ಕಪ್ಪಾದವು. ತಂಡದ ಡಾಕ್ಟರ್ ಸಾಹೇಬ ಎರಡೂ ಪಾದಗಳ ಬೆರಳು ಕತ್ತರಿಸಿದ. ಈ ಹುಚ್ಚು ಇವನ ತಲೆಗೆ ತುಂಬಿದವರು ಯಾರು ಎಂದು ನನ್ನನ್ನೇ ಕೇಳಿದ. ಅಣ್ಣ ಎಚ್ಚರವಾಗಿಯೇ ಇದ್ದ, ಕೇಳಿಸಿಕೊಳ್ಳುತ್ತಿದ್ದ. "ಮಾಲೂಮ್ ನಹೀಂ ಸಾಬ್," ಎಂದೆ ನಾನು, ಹೇಡಿ.

ರೈಲಿಳಿದು ಜಹೀರಾಬಾದಿನಿಂದ ಅವನನ್ನು ಎತ್ತಿನ ಬಂಡಿಯಲ್ಲಿ ಊರಿಗೆ ತಂದೆ. ಬರಿಗಾಲಲ್ಲಿ ಕೈಲಾಸ ತುಳಿದು ಬಂದ ಜಂಗಮನೆಂದು ಓಣಿಯೆಲ್ಲ ನೆರೆಯಿತು. ಹಿರಿಯರೊಬ್ಬರು ಅವನ ಮೊಂಡು ಪಾದಗಳನ್ನು ತೊಳೆದು, ಆ ನೀರನ್ನು ಎಲ್ಲರಿಗೂ ಪಾದೋದಕವೆಂದು ಹಂಚಿದರು. ನನ್ನ ಪಾಲನ್ನು ಅವ್ವನೇ ತಂದಳು.

"ಶಿವಾ ಅಂವಗ ಒಲದಾನ. ಅಲ್ಲೇ ಇದ್ದೆಲ್ಲೋ, ನಿನಗ ಯಾಕ ಆ ಬುದ್ಧಿ ಬರ್ಲಿಲ್ಲ?"

ಇನ್ನು ತಡೆಯಲಾಗಲಿಲ್ಲ. ನಿಜ ಹೇಳಿಬಿಡಬೇಕೆಂದು "ಅವ್ವಾ" ಎಂದೆ. ಪಕ್ಕದಲ್ಲೇ ಕೂತಿದ್ದ ಅಣ್ಣ ನನ್ನ ಮಣಿಕಟ್ಟು ಬಿಗಿಯಾಗಿ ಹಿಡಿದು, ನನಗಷ್ಟೇ ಕೇಳುವಂತೆ ಹೇಳಿದ:

"ಸುಮ್ಮ ಕುಡಿ. ಅವ್ವಗ ಇಷ್ಟಾರ ಉಳೀಲಿ."

ಕುಡಿದೆ.