ಚಮಚಕ್ಕೆ ಬಾರದ ಕೆನೆ

“ಪದ್ಮಾ, ಕೆನೆ ಏನೇ ಇಷ್ಟು ಗಟ್ಟಿ? ಚಮಚಕ್ಕೆ ಬರ್ತಾನೇ ಇಲ್ಲ!”

ಅತ್ತೆಯ ಕೂಗಿಗೆ ಓಡಿ ಹೋದರೆ, ಫ್ರಿಜ್‌ನಿಂದ ತೆಗೆದ ಹಾಲಿನ ಬಟ್ಟಲನ್ನು ಹಿಡಿದು ಕೆರೆಯುತ್ತಿದ್ದಾರೆ. ಅದು ಕೆನೆಯಲ್ಲ, ಹಿಂದಿನ ದಿನ ವಿಜಯನಗರದ ಅಂಗಡಿಯಿಂದ ತಂದು ನಾನು ಬಟ್ಟಲಿನ ಬಾಯಿಗೆ ಎಳೆದು ಕೂರಿಸಿದ್ದ ಬಿಳಿ ಸಿಲಿಕೋನ್ ಮುಚ್ಚಳ! ಬೆಣ್ಣೆಗೆಂದು ದಿನಾ ಕೆನೆ ತೆಗೆದಿಡುತ್ತಿದ್ದ ಅತ್ತೆ, ಮಾವ ತೀರಿಕೊಂಡ ಮೇಲೆ ಅಡುಗೆಮನೆಗೆ ಕಾಲಿಟ್ಟಿದ್ದು ಅಂದೇ ಮೊದಲು.

ಮುಚ್ಚಳ ಬಿಡಿಸಿ ಅವರ ಕೈಗಿಟ್ಟೆ. ಎಳೆದು ನೋಡಿದರು. “ನಿಮ್ಮ ಮಾವ ಇದ್ದಿದ್ರೆ ಇದಕ್ಕೂ ಸಕ್ಕರೆ ಹಾಕ್ಕೊಂಡು ತಿಂದ್ಬಿಡ್ತಿದ್ರು ಕಣೇ,” ಅಂದು ನಕ್ಕರು. ನಗುತ್ತಲೇ ಅತ್ತರು.

ಈಗ ಆ ಮುಚ್ಚಳದ ಅಂಚು ಹರಿದಿದೆ. ಆದರೂ ತೊಳೆದು ತೊಳೆದು ಹಾಲಿಗೆ ಅದನ್ನೇ ಮುಚ್ಚುತ್ತೇನೆ. ಬೆಳಗ್ಗೆ ತೆಗೆಯುವವರು ಮಾತ್ರ ಅತ್ತೆಯೇ. ಮೊದಲ ಚಮಚ ಕೆನೆಗೆ ಸಕ್ಕರೆ ಉದುರಿಸಿ ನನ್ನ ಬಾಯಿಗಿಡುತ್ತಾರೆ.