ಹಾಲೇಶಪ್ಪನವರ ಅರ್ಧ ಕಪ್ಪು ಚಹಾ

2022ರ ಜೂನ್‌ನಲ್ಲಿ ನಾನು ದಾವಣಗೆರೆಯ ಒಂದು ಖಾಸಗಿ ಡಯಾಲಿಸಿಸ್ ಕೇಂದ್ರಕ್ಕೆ ಸೀನಿಯರ್ ಸ್ಟಾಫ್ ನರ್ಸ್ ಆಗಿ ಸೇರಿದೆ. ಅದಕ್ಕೂ ಮುಂಚೆ ಹನ್ನೊಂದು ವರ್ಷ ಮಸ್ಕತ್ತಿನಲ್ಲಿ ಇದೇ ಕೆಲಸ ಮಾಡಿದ್ದೆ. ಮಗಳು ಏಳನೇ ಕ್ಲಾಸಿಗೆ ಬಂದಿದ್ದಳು. ನನ್ನನ್ನು ‘ಫೋನ್ ಅಮ್ಮಿ’ ಅನ್ನುತ್ತಿದ್ದಳು. ಅವಳು ಅದನ್ನು ತಮಾಷೆಗೆ ಹೇಳುತ್ತಿಲ್ಲ ಎಂದು ಅರ್ಥವಾದ ವಾರವೇ ಕಾಂಟ್ರಾಕ್ಟ್ ಮುಂದುವರಿಸುವುದಿಲ್ಲವೆಂದು ಬರೆದುಕೊಟ್ಟು ವಿನೋಬನಗರದ ನಮ್ಮ ಮನೆಗೆ ಬಂದುಬಿಟ್ಟೆ.

ಬಂದದ್ದಕ್ಕೆ ಖುಷಿ ಇತ್ತು. ಆದರೆ ಸುಳ್ಳೇಕೆ ಹೇಳಲಿ, ಕಸಿವಿಸಿಯೂ ಇತ್ತು. ಬೆಳಿಗ್ಗೆ ಮಗಳಿಗೆ ಜಡೆ ಹಾಕುವಾಗ ಇದಕ್ಕಿಂತ ಇನ್ನೇನು ಬೇಕು ಅನ್ನಿಸುತ್ತಿತ್ತು. ಒಂದು ಗಂಟೆ ಬಿಟ್ಟು ವಾರ್ಡಿಗೆ ಕಾಲಿಟ್ಟರೆ ಯಾಕಾದರೂ ಬಂದೆನೋ ಅನ್ನಿಸುತ್ತಿತ್ತು. ಮಸ್ಕತ್ತಿನಲ್ಲಿ ರೋಗಿಯ ಜೊತೆ ಒಬ್ಬರು ಬಂದರೆ ಹೆಚ್ಚು. ಇಲ್ಲಿ ಒಬ್ಬರ ಹಿಂದೆ ಐದು ಜನ, ಕೈಯಲ್ಲಿ ಟಿಫನ್ ಕ್ಯಾರಿಯರ್, ಮೇಲೆ ಬಿಟ್ಟಿ ಸಲಹೆ. “ಅಲ್ಲಿ ಹಿಂಗಿರಲಿಲ್ಲ” ಅಂತ ನಾನು ಬಾಯಿ ತೆಗೆದರೆ ಸಾಕು, ಜೊತೆಯ ನರ್ಸ್ ಸವಿತಾ “ಬಂತು ನೋಡ್ರಪ್ಪಾ ಮಸ್ಕತ್ತು!” ಅಂತ ನಗುತ್ತಿದ್ದಳು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಕಿಡ್ನಿ ಕೈಕೊಟ್ಟವರಿಗೆ ಕುಡಿದದ್ದೆಲ್ಲ ಮೈಯಲ್ಲೇ ನಿಲ್ಲುತ್ತದೆ. ವಾರಕ್ಕೆ ಮೂರು ಸಲ ಮೆಷಿನ್ನಿಗೆ ಹಾಕಿ ರಕ್ತ ಶುದ್ಧ ಮಾಡಿ ಹೆಚ್ಚಾದ ನೀರು ತೆಗೆಯುತ್ತೇವೆ. ಒಂದು ಡಯಾಲಿಸಿಸ್‌ನಿಂದ ಇನ್ನೊಂದರೊಳಗೆ ಎರಡು ಕಿಲೋ ತೂಕ ಏರಿದರೆ ನಡೆಯುತ್ತದೆ. ನಂದಿಗುಡಿಯಿಂದ ಬರುತ್ತಿದ್ದ ಹಾಲೇಶಪ್ಪನವರು ಪ್ರತಿ ಸಲ ನಾಲ್ಕೂವರೆ ಏರಿಸಿಕೊಂಡು ಬರುತ್ತಿದ್ದರು. ಹೀಗೇ ಹೋದರೆ ಶ್ವಾಸಕೋಶದಲ್ಲಿ ನೀರು ತುಂಬಿ ಪ್ರಾಣಕ್ಕೇ ಕುತ್ತು.

ಅರವತ್ತರ ಮೇಲಿನ ಮನುಷ್ಯ, ಭತ್ತ ಬೆಳೆಯುವವರು, ಊರಿನ ನ್ಯಾಯ ತೀರಿಸುವ ಹಿರಿಯರು. ದಿನಕ್ಕೆ ಮುಕ್ಕಾಲು ಲೀಟರು, ಚಹಾ ಮಜ್ಜಿಗೆ ಎಲ್ಲ ಸೇರಿ ಅಷ್ಟೇ, ಎಂದು ಮೂರು ಸಲ ಬಿಡಿಸಿ ಹೇಳಿದ್ದೆ. “ಅದಕ್ಕಿಂತ ಒಂದು ಗುಟುಕು ಹೆಚ್ಚಿಗೆ ಕುಡಿದಿಲ್ರೀ” ಅನ್ನುತ್ತಿದ್ದರು. ಆಗಸ್ಟಿನ ಒಂದು ಬೆಳಿಗ್ಗೆ ತೂಕ ಐದು ಕಿಲೋ ಏರಿತ್ತು. ನನ್ನ ತಾಳ್ಮೆ ತಪ್ಪಿತು. ಆರು ಬೆಡ್ಡಿನ ರೋಗಿಗಳು, ಅವರ ಕಡೆಯವರು ಎಲ್ಲ ಕೇಳುವಂತೆ, “ಸುಳ್ಳು ಹೇಳ್ಬೇಡ್ರಿ ಯಜಮಾನ್ರೇ, ತೂಕದ ಮೆಷಿನ್ನು ಸುಳ್ಳು ಹೇಳಲ್ಲ” ಅಂದುಬಿಟ್ಟೆ.

ಅವರು ಡಯಾಲಿಸಿಸ್ ಮುಗಿಸಿಕೊಂಡು, ಹೆಗಲ ಮೇಲೆ ಟವೆಲ್ ಹಾಕಿಕೊಂಡು ಹೋದರು. ಮುಂದಿನ ಸರದಿಗೆ ಬರಲಿಲ್ಲ. ಅದರ ಮುಂದಿನದಕ್ಕೂ ಇಲ್ಲ. ಫೋನ್ ಮಾಡಿದೆ. ಹೆಂಡತಿ ಗಿರಿಜಮ್ಮ ಎತ್ತಿಕೊಂಡು, “ಅವ್ರು ಬರಲ್ಲಂತ್ರೀ. ಹೇಳಿ ಹೇಳಿ ಸಾಕಾಗೈತೆ” ಎಂದು ಅತ್ತರು. ಮಸ್ಕತ್ತಿನಲ್ಲಾಗಿದ್ದರೆ ‘ರೋಗಿ ನಿರಾಕರಿಸಿದ್ದಾರೆ’ ಎಂದು ಫಾರಂ ತುಂಬಿ ಸಹಿ ಹಾಕುತ್ತಿದ್ದೆ. ಇಲ್ಲಿಯೂ ಅಂಥದ್ದೊಂದು ಫಾರಂ ಇತ್ತು. ಪೆನ್ನು ಹಿಡಿದೆ, ಬರೆಯಲಿಕ್ಕೆ ಕೈ ಬರಲಿಲ್ಲ. ಮಾರನೇ ದಿನ ನನಗೆ ರಜೆ. ಹರಿಹರಕ್ಕೆ ಹೋಗಿ, ಅಲ್ಲಿ ಬಸ್ ಬದಲಿಸಿ ನಂದಿಗುಡಿಯಲ್ಲಿ ಇಳಿದಾಗ ಹನ್ನೊಂದು ಗಂಟೆ.

ಹಾಲೇಶಪ್ಪನವರು ಪಡಸಾಲೆಯ ಕುರ್ಚಿಯಲ್ಲಿ ಮುಂದಕ್ಕೆ ಬಾಗಿ ಕೂತಿದ್ದರು. ಕಾಲು ಊದಿಕೊಂಡಿದ್ದವು, ಎರಡು ಮಾತಿಗೊಮ್ಮೆ ಉಸಿರು ಕಟ್ಟುತ್ತಿತ್ತು. ಕಾಯಿಲೆಯವರನ್ನು ಮಾತಾಡಿಸಲು ಬಂದ ಮೂವರು ಎದುರಿಗಿದ್ದರು. ಗೋಡೆ ಪಕ್ಕ, ಬಂದವರು ತಂದ ಎಳನೀರಿನ ರಾಶಿ. ನನ್ನನ್ನು ಕಂಡು ಆ ಸ್ಥಿತಿಯಲ್ಲೂ “ಬರ್ರಿ ಸಿಸ್ಟರ್, ಕೂಡ್ರಿ” ಅಂದರು. ಗಿರಿಜಮ್ಮ ಚಹಾ ತಂದರು. ನನಗೊಂದು ಕಪ್ಪು, ಯಜಮಾನರ ಕೈಗೆ ಅರ್ಧ ಕಪ್ಪು.

“ನಿಮಗ್ಯಾಕ್ರೀ ಇದು?” ಎಂದೆ.

“ನೀವು ಬಂದೀರಲ್ಲ. ನಾ ಸುಮ್ನೆ ಕುಂತ್ರೆ ನೀವೊಬ್ರೇ ಹೆಂಗೆ ಕುಡೀತೀರಿ?”

“ಬೆಳಿಗ್ಗೆಯಿಂದ ಇದು ಎಷ್ಟನೇದು?”

“ಎಂಟನೇದೇನೋ. ಅದೇನು ನನಗಂತ ಕುಡಿದದ್ದಲ್ರೀ, ಬಂದವ್ರ ಮರ್ಯಾದಿಗೆ.”

ಅಯ್ಯೋ ದೇವರೇ! ಆ ಮನುಷ್ಯ ಒಂದು ದಿನವೂ ಸುಳ್ಳು ಹೇಳಿರಲಿಲ್ಲ. ತನಗೆಂದು ಕುಡಿದದ್ದನ್ನು ಲೋಟದಲ್ಲಿ ಅಳೆದು ಲೆಕ್ಕ ಇಟ್ಟಿದ್ದರು. ಅತಿಥಿಗಾಗಿ ಕುಡಿದದ್ದು ಅವರ ಲೆಕ್ಕಕ್ಕೇ ಬಂದಿರಲಿಲ್ಲ. ಊರಿಗೆ ಬೇಕಾದವರು, ಕಾಯಿಲೆ ಬಿದ್ದ ಮೇಲೆ ದಿನಕ್ಕೆ ಇಪ್ಪತ್ತು ಜನ ಬರುತ್ತಿದ್ದರು. ಎಲ್ಲರ ಜೊತೆ ಅರ್ಧ ಕಪ್ಪು, ತಂದವರ ಮನಸ್ಸು ನೋಯಬಾರದೆಂದು ಎಳನೀರು. ಅದರ ಪೊಟ್ಯಾಶಿಯಂ ಇಂಥವರ ಹೃದಯವನ್ನೇ ನಿಲ್ಲಿಸಬಲ್ಲದು. ನಾನು ಹುಟ್ಟಿ ಬೆಳೆದದ್ದು ಇಂಥದೇ ಮನೆಯಲ್ಲಿ. ನಾವು ಅಬ್ಬು ಅನ್ನುತ್ತಿದ್ದ ಅಪ್ಪ ಕೂಡ ಬಂದವರ ಜೊತೆ ಕಪ್ಪು ಹಿಡಿಯದೆ ಕೂತವರಲ್ಲ. ಹನ್ನೊಂದು ವರ್ಷದಲ್ಲಿ ಅದನ್ನು ಮರೆತು ಕೂತಿದ್ದೆನಲ್ಲ ಎಂದು ನನಗೇ ನಾಚಿಕೆಯಾಯಿತು.

ಕಪ್ಪು ಅವರ ಕೈಯಿಂದ ತೆಗೆದು ಕೆಳಗಿಟ್ಟೆ. “ತಪ್ಪು ನಂದು. ಈಗ್ಲೇ ಹೊರಡ್ರಿ” ಎಂದೆ.

“ನಾಲ್ಕು ಜನದ ಮುಂದೆ ಸುಳ್ಳುಗಾರ ಅನ್ನಿಸ್ಕೊಂಡ ಜಾಗಕ್ಕೆ ಹೆಂಗೆ ಬರ್ಲಿ? ಬ್ಯಾಡ ಬಿಡ್ರಿ.”

“ಅದೇ ನಾಲ್ಕು ಜನದ ಮುಂದೆ ತಪ್ಪಾಯ್ತು ಅಂತೀನಿ. ಕೇಳಿಸ್ಕೊಳ್ಳಾಕೆ ನೀವು ಇರ್ಬೇಕಲ್ರೀ!”

ಅವರು ಹೆಂಡತಿಯ ಮುಖ ನೋಡಿದರು, ಆಮೇಲೆ ಎದ್ದರು. ಮಾತಾಡಿಸಲು ಬಂದವರಲ್ಲೇ ಒಬ್ಬರು ಕಾರು ತೆಗೆದರು. ದಾರಿಯುದ್ದಕ್ಕೂ ನಾನು ಅವರ ನಾಡಿ ಹಿಡಿದುಕೊಂಡೇ ಕೂತಿದ್ದೆ. ಕೇಂದ್ರ ಮುಟ್ಟುವಾಗ ತುಟಿ ನೀಲಿಯಾಗಿದ್ದವು, ತೂಕ ಒಂಬತ್ತು ಕಿಲೋ ಹೆಚ್ಚು. ಆಕ್ಸಿಜನ್ ಕೊಟ್ಟು ಮೆಷಿನ್ನಿಗೆ ಹಾಕಿದೆವು. ಅಷ್ಟು ನೀರನ್ನು ಒಂದೇ ಸಲ ತೆಗೆದರೆ ಬಿಪಿ ಕುಸಿಯುತ್ತದೆ, ಅದಕ್ಕೇ ಮೂರು ದಿನ ಸತತವಾಗಿ ತೆಗೆದೆವು. ಎರಡನೇ ದಿನ ಸಂಜೆ ಅವರು ಅಂಗಾತ ಮಲಗಿ ಸರಾಗವಾಗಿ ಉಸಿರಾಡಿದರು. ನಾನು ಸ್ಟೋರ್ ರೂಮಿಗೆ ಹೋಗಿ ಅತ್ತೆ. ಹಿಂದಿನಿಂದ ಬಂದ ಸವಿತಾ ಆವತ್ತು ಏನೂ ತಮಾಷೆ ಮಾಡಲಿಲ್ಲ.

ಚಹಾದ ದಾರಿ ಹುಡುಕಿದ್ದು ಡಾಕ್ಟರಲ್ಲ, ನಾನೂ ಅಲ್ಲ, ಗಿರಿಜಮ್ಮ. “ಕಪ್ಪು ಕೈಯಾಗಿದ್ರೆ ಸಾಕಲ್ರೀ, ಚಾ ಯಾಕ ಬೇಕು?” ಅಂದರು. ಅಂದಿನಿಂದ ಬಂದವರಿಗೆ ಚಹಾ, ಯಜಮಾನರ ಕೈಗೆ ಖಾಲಿ ಕಪ್ಪು. ಬಂದವರು ಗುಟುಕರಿಸಿದಾಗ ಇವರೂ ಕಪ್ಪನ್ನು ಬಾಯಿಗೆ ಮುಟ್ಟಿಸಿ ಇಳಿಸುತ್ತಾರಂತೆ. ಎಳನೀರು ಮೊಮ್ಮಕ್ಕಳ ಪಾಲಾಯಿತು. ತೂಕದ ಏರಿಕೆ ಎರಡು ಕಿಲೋ ದಾಟುವುದು ನಿಂತಿತು.

ಮಸ್ಕತ್ತು ನನ್ನ ಕೈಗೆ ಶಿಸ್ತು ಕಲಿಸಿತು, ಆ ಋಣ ದೊಡ್ಡದು. ಆ ನಿಶ್ಶಬ್ದ ವಾರ್ಡು ಈಗಲೂ ಆಗಾಗ ನೆನಪಾಗಿ ಸಂಕಟವಾಗುತ್ತದೆ. ಆದರೆ ಹೊಸ ರೋಗಿ ಬಂದಾಗ ನಾನು ಕೇಳುವ ಮೊದಲ ಪ್ರಶ್ನೆ ಅಲ್ಲಿನ ಯಾವ ಫಾರಮ್ಮಿನಲ್ಲೂ ಇರಲಿಲ್ಲ: “ನಿಮ್ಮ ಮನೆಗೆ ದಿನಾ ಎಷ್ಟು ಜನ ಬರ್ತಾರ್ರೀ?” ಅದನ್ನು ಕಲಿಸಿದ ಊರಿಗೆ, ಆ ಮನೆಗೆ ನಾನು ಕೃತಜ್ಞಳು.

ಇನ್ನು ಕೊಟ್ಟ ಮಾತು. ಹಾಲೇಶಪ್ಪನವರು ಮಾಮೂಲಿ ಸರದಿಗೆ ಬಂದ ಮೊದಲ ದಿನ ಆರೂ ಬೆಡ್ಡು ತುಂಬಿದ್ದವು. ನಾನು ನಡುವೆ ನಿಂತು, “ಅವತ್ತು ಇವ್ರನ್ನ ಸುಳ್ಳುಗಾರ ಅಂದಿದ್ದೆ. ಇವ್ರು ಸುಳ್ಳು ಹೇಳಿರಲಿಲ್ಲ, ಕೇಳೋದು ನನಗೆ ಬಂದಿರಲಿಲ್ಲ. ತಪ್ಪಾಯ್ತು” ಎಂದೆ. ಊರಿನ ನ್ಯಾಯ ತೀರಿಸುವ ಮನುಷ್ಯ ಒಂದು ಗಳಿಗೆ ನನ್ನನ್ನೇ ನೋಡಿ, ಅಂಗಿಯ ತೋಳು ಮಡಚಿ ಕೈ ಮುಂದೆ ಚಾಚಿದರು.

“ತೀರ್ಮಾನ ಆತು ತಂಗಿ. ಸೂಜಿ ಹಾಕು.”