ಖಾಲಾನ ಹತ್ತರಕಿ ಬೀಜ

ಗೊಬ್ಬೂರಿನ ಬಾವಿಯಂಚಿನ ಒಂದು ತುಂಡು ಹೊಲಕ್ಕೆ ಹೋದ ವರ್ಷ ನಾನು ಮೊದಲ ಸಲ ಹೋದಾಗ, ಸೊಂಟದೆತ್ತರದ ಏಳೆಂಟು ಗಿಡಗಳ ತುದಿಗೆ ಹಳೇ ದುಪಟ್ಟಾದ ಚೂರುಗಳನ್ನು ಕಟ್ಟಿದ್ದರು. ಯಾರದೋ ಹರಕೆ ಎಂದುಕೊಂಡೆ. ಚಪ್ಪಲಿ ಬಿಟ್ಟು, ಕೈಮುಗಿದು, ನಾನು ಓಡಿಸುವ ಟಂಟಂ ಆಟೋದ ಮಾಲೀಕ ನನ್ನ ಪಗಾರ ಹೆಚ್ಚಿಸಲೆಂದು ಬೇಡಿಕೊಂಡೆ. ಹಿಂದಿನಿಂದ ನಗು ಕೇಳಿಸಿತು.

"ಲೇ ಹುಚ್ಚ, ಅದು ಹತ್ತರಕಿ ಪಲ್ಯ! ಬೀಜಕ್ಕ ಬಿಟ್ಟೇನಿ. ಬಟ್ಟಿ ಕಟ್ಟಲಿಲ್ಲಂದ್ರ ಹತ್ತಿ ಅರಳಿ ಹಾರಿದಂಗ ಹಾರಿ ಹೋಗ್ತದ."

ಅವರೇ ಮೆಹರಾಜಬೇಗಂ, ನಮಗೆಲ್ಲ ಖಾಲಾ, ಅಂದರೆ ಚಿಕ್ಕಮ್ಮ. ಅವರ ಸೊಪ್ಪು ಪಲ್ಯದ ಗಂಟನ್ನು ದಿನಾ ಅಫಜಲಪುರ ಬಜಾರಿಗೆ ಒಯ್ಯಲು ಅಂದೇ ಬಾಡಿಗೆಗೆ ಗೊತ್ತಾದವನು ನಾನು. ಪಗಾರ ಇನ್ನೂ ಹೆಚ್ಚಿಲ್ಲ. ದೇವರ ತಪ್ಪಿಲ್ಲ, ಅರ್ಜಿ ಹಾಕಿದ್ದು ಪಲ್ಯಕ್ಕೆ.

ಖಾಲಾ ಬಿಸಿಲೇರುವ ಮುಂಚೆ, ಬುಡ ಅಲುಗದಂತೆ ಎಲೆ ಚಿವುಟುತ್ತಾರೆ. ಹಾಲು ಒಸರಿ ಬೆರಳು ಕಪ್ಪಾಗುತ್ತವೆ. ರೊಟ್ಟಿ, ಶೇಂಗಾ ಹಿಂಡಿಯ ಜೊತೆ ಹಸಿಯಾಗಿಯೇ ತಿನ್ನುವ, ಕಹಿಯಿದ್ದೂ ನಾಲಿಗೆ ಬೇಡವೆನ್ನದ ಎಲೆ. ಬೀಜ ಕೊಳಕೂರಿನ ತವರಿನಿಂದ ಅವರ ತಾಯಿ ಕೊಟ್ಟದ್ದು. ತವರಿನಲ್ಲೀಗ ಯಾರೂ ಅದನ್ನು ಬೆಳೆಯುವುದಿಲ್ಲ. ಹಳೇ ಬೀಜ ಮೊಳೆಯುವುದಿಲ್ಲವಾದ್ದರಿಂದ ವರ್ಷವರ್ಷವೂ ಹೊಸದಾಗಿ ಹಿಡಿಯಬೇಕು.

ಈ ವರ್ಷ ಸಿಗಲಿಲ್ಲ. ಪಕ್ಕದ ಹಣಮಂತರಾಯರ ಕಬ್ಬಿಗೆ ಕಳೆ ಸಾಯಿಸುವ ಔಷಧಿ ಹೊಡೆದ ದಿನ ಗಾಳಿ ಈ ಕಡೆಗಿತ್ತು. ಎರಡು ದಿನದಲ್ಲಿ ಗಿಡಗಳೆಲ್ಲ ತಿರುಚಿಕೊಂಡು ಮಲಗಿದವು. ಖಾಲಾ ಒಂದೊಂದೇ ಬಟ್ಟೆ ಬಿಚ್ಚಿ, ಮೊಗ್ಗನ್ನು ಅಂಗೈಯಲ್ಲಿ ತಿಕ್ಕಿ ನೋಡಿದರು. ಬರೀ ಹೊಟ್ಟು.

"ಆಳಂದ, ಜೇವರ್ಗಿ ಕಡಿ ಕೇಳ್ತೇನ್ರಿ ಖಾಲಾ, ಯಾರ ಹತ್ರಾದ್ರೂ ಬೀಜ ಇದ್ದೇ ಇರ್ತಾವ" ಅಂದೆ, ದೊಡ್ಡ ವ್ಯಾಪಾರಿಯ ಹಾಗೆ.

ಕೇಳಿದೆ. ಒಬ್ಬ ಕೊಟ್ಟ. ಗೆದ್ದವನಂತೆ ತಂದು ಅವರ ಕೈಗಿತ್ತೆ. ಒಂದು ಕಾಳನ್ನು ಉಗುರಿನಲ್ಲಿ ಹೊರಳಿಸಿ ನೋಡಿದರು.

"ಲೇ, ಇದು ಮೂಲಂಗಿ."

ಈ ಸಲ ನಗಲಿಲ್ಲ. ಅವರು ನಕ್ಕಿದ್ದರೆ ನನಗೆ ಸಮಾಧಾನವಾಗುತ್ತಿತ್ತು.

ಆ ದಿನ ಪಂಪು ಬೆನ್ನಿಗೆ ಹೊತ್ತು ಕಬ್ಬಿಗೆ ಔಷಧಿ ಹೊಡೆದವನು ಖಾಲಾನ ಮಗ ಅರ್ಫಾತ. ಊರಿಗೆಲ್ಲ ಗೊತ್ತಿದ್ದರೂ ಯಾರೂ ಅವರೆದುರು ಆಡಿರಲಿಲ್ಲ. ಬಾಯಿ ಸುಮ್ಮನಿರದವನು ನಾನೊಬ್ಬ. ಬಾವಿಯ ಕಟ್ಟೆಯ ಮೇಲೆ ಖಾಲಿ ಕೈಯಲ್ಲಿ ಕೂತಿದ್ದವರನ್ನು ಕೇಳಿಯೇ ಬಿಟ್ಟೆ:

"ಗಾಳಿ ನಿಮ್ಮ ಹೊಲದ ಕಡಿ ಅದ ಅಂತ ಗೊತ್ತಿತ್ತಲ್ರಿ. ಮಗಗ ಹೋಗಬ್ಯಾಡ ಅನ್ನಲಿಲ್ಲೇನ್ರಿ?"

"ನಾನೇ ಕಳಸೀನಿ. ಇವ ಒಲ್ಲೆ ಅಂದ್ರ ಇನ್ನೊಬ್ಬ ಹೊಡೀತಿದ್ದ. ಪಲ್ಯ ಹೆಂಗೂ ಸಾಯೂದೇ ಇತ್ತು, ಕೂಲಿಯಾದ್ರೂ ನಮ್ಮ ಮನಿಗಿ ಬರಲಿ ಅಂದೆ."